ಮುರಕಲ್ಲು ಗುಡ್ಡೆಯ ಎಳೆಗಿಡಕ್ಕೆ ಚಳಿಗಾಲದ ಆರೈಕೆ

ಎಳೆಯ ಹಣ್ಣಿನ ಗಿಡಗಳನ್ನು ಚಳಿಗಾಲದಲ್ಲಿ ಕಾಪಾಡುವುದು ಹೇಗೆ ಎಂದು ನಮ್ಮ ಕಡೆ ಕೇಳಿದರೆ ಹೆಚ್ಚಿನವರು ನಗುತ್ತಾರೆ. ‘ಉಡುಪಿಯಲ್ಲಿ ಎಲ್ಲಿಯ ಚಳಿ ಮಾರಾಯ್ರೆ? ಹೊದಿಕೆ ಹೊದೆಯಲಿಕ್ಕೂ ನಾಲ್ಕು ದಿನ ಸಿಗುವುದಿಲ್ಲ’ ಎನ್ನುತ್ತಾರೆ. ಮಾತು ಸುಳ್ಳಲ್ಲ. ಆದರೆ ಮಳೆಗಾಲದಲ್ಲಿ ನೆಟ್ಟ ಗೇರು, ಮಾವಿನ ಕಸಿಗಿಡಗಳ ಲೆಕ್ಕ ತೆಗೆದು ನೋಡಿ. ದೀಪಾವಳಿಗೆ ನಳನಳಿಸುತ್ತಿದ್ದ ಗಿಡ ಬಿಸು ಹಬ್ಬಕ್ಕೆ ಬರೀ ಕೋಲಾಗಿರುತ್ತದೆ. ‘ಬೇಸಗೆಗೆ ಸತ್ತಿತು’ ಎಂದು ಬಿಡುತ್ತೇವೆ. ಗಿಡ ಒಣಗಿದ್ದು ನಮ್ಮ ಕಣ್ಣಿಗೆ ಕಾಣುವುದು ಮಾರ್ಚಿನಲ್ಲಿ. ಅದು ಸೋಲಲು ಶುರುವಾದದ್ದು ಡಿಸೆಂಬರಿನಲ್ಲಿ.

ನಮ್ಮ ಜಾಗ ಕಾರ್ಕಳದಿಂದ ಬೆಳ್ಮಣ್ಣಿಗಾಗಿ ಪಡುಬಿದ್ರಿಗೆ ಹೋಗುವ ದಾರಿಯ ಬದಿಯ ಗುಡ್ಡೆ. ಬೈಲು ಗದ್ದೆ ನಮಗಿಲ್ಲ. ಇರುವುದು ಬೆಟ್ಟು ಮತ್ತು ಅದರ ಮೇಲಿನ ಮುರಕಲ್ಲು ನೆಲ. ಮಳೆ ನಿಂತ ಮೇಲೆ ಮನೆ ಬಾವಿಯಿಂದ ಹೊತ್ತು ತಂದದ್ದೇ ನೀರು. ತೋಟಕ್ಕೆ ಪಂಪು ಇದ್ದವರು ಸತ್ತ ಗಿಡದ ಜಾಗದಲ್ಲಿ ಯಾವಾಗ ಬೇಕಾದರೂ ಇನ್ನೊಂದು ನೆಟ್ಟಾರು. ನಮ್ಮಂಥ ಖುಷ್ಕಿಯವರಿಗೆ ಮುಂದಿನ ಜೂನ್ ತನಕ ಕಾಯದೆ ಗತಿಯಿಲ್ಲ. ಗೇರು ಕಸಿಗಿಡ ಮೂರನೆಯ ವರ್ಷಕ್ಕೆ ಫಸಲು ಕೊಡಲು ಶುರು ಮಾಡುತ್ತದೆ. ಒಂದು ಗಿಡ ಸತ್ತರೆ ಗಿಡದ ಹಣ, ಗುಂಡಿ ತೆಗೆದ ಕೂಲಿ, ಮೇಲೆ ಒಂದಿಡೀ ವರ್ಷ ಹೋದಂತೆ. ಹಾಗಾಗಿ ಈ ನಾಲ್ಕು ತಿಂಗಳ ಆರೈಕೆ ನಮಗೆ ಗೊಬ್ಬರಕ್ಕಿಂತ ದೊಡ್ಡದು.

ಹಿಮದ ಚಳಿ ಬೇರೆ, ನಮ್ಮ ಚಳಿ ಬೇರೆ

ಉತ್ತರ ಭಾರತದಲ್ಲಿ ಚಳಿಗಾಲದ ರಾತ್ರಿ ಉಷ್ಣತೆ ಸೊನ್ನೆ ಡಿಗ್ರಿಯ ಹತ್ತಿರ ಇಳಿಯುವುದುಂಟು. ಎಲೆಯೊಳಗಿನ ನೀರು ಹೆಪ್ಪುಗಟ್ಟಿ ಎಳೆ ಮಾವಿನ ಗಿಡ ಸುಟ್ಟಂತೆ ಕಪ್ಪಾಗುತ್ತದೆ. ಅಲ್ಲಿಯವರು ಎಳೆಗಿಡಕ್ಕೆ ಹುಲ್ಲಿನ ಪುಟ್ಟ ಗುಡಿಸಲು ಕಟ್ಟುತ್ತಾರೆ. ಬೆಳಗಿನ ಬಿಸಿಲು ಸಿಗಲಿ ಎಂದು ಮೂಡು-ತೆಂಕು ಮೂಲೆಯನ್ನು ಮಾತ್ರ ತೆರೆದಿಡುತ್ತಾರೆ. ಹಿಮ ಬೀಳುವ ಸೂಚನೆ ಕಂಡರೆ ನೀರು ಹಾಯಿಸುತ್ತಾರೆ, ಹೊಗೆ ಹಾಕುತ್ತಾರೆ. ನಮ್ಮ ದಕ್ಷಿಣದಲ್ಲಿ ಊಟಿಯಂಥ ಎತ್ತರದ ಜಾಗಕ್ಕೂ ಈ ಕಷ್ಟ ಉಂಟು.

ಉಡುಪಿ ಜಿಲ್ಲೆಯಲ್ಲಿ ಹೆಪ್ಪುಗಟ್ಟುವ ಚಳಿ ಇಲ್ಲ. ಡಿಸೆಂಬರ್, ಜನವರಿಯ ಮುಂಜಾವ 20 ಡಿಗ್ರಿ ಆಸುಪಾಸು, ಒಳನಾಡಿನಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ. ಇಷ್ಟಕ್ಕೆ ಮಾವಾಗಲಿ ಗೇರಾಗಲಿ ಸಾಯುವುದಿಲ್ಲ. ನಮ್ಮ ಚಳಿಗಾಲದ ಪೆಟ್ಟು ಬೀಳುವುದು ಹಗಲಿನಲ್ಲಿ. ಅದೇ ದಿನ ಮಧ್ಯಾಹ್ನ ಉಷ್ಣತೆ 33, 34 ಡಿಗ್ರಿಗೆ ಏರುತ್ತದೆ. ದೇಶದಲ್ಲೆಲ್ಲ ಚಳಿ ಇರುವಾಗ ಮಂಗಳೂರು, ಹೊನ್ನಾವರ, ಕಾರವಾರದ ಹೆಸರು ಅತಿ ಸೆಕೆಯ ಊರುಗಳ ಪಟ್ಟಿಯಲ್ಲಿ ಬರುವುದನ್ನು ನೀವೂ ಕೇಳಿರಬಹುದು. ಕಾರಣ ಮೂಡುಗಾಳಿ. ಘಟ್ಟದ ಆಚೆಯಿಂದ ಇಳಿದು ಬರುವ ಈ ಗಾಳಿಯಲ್ಲಿ ಪಸೆ ಇಲ್ಲ. ಅದು ಜೋರಾಗಿದ್ದ ದಿನ ಕಡಲಗಾಳಿ ಒಳಗೆ ಬರುವುದು ತಡವಾಗುತ್ತದೆ. ಅಷ್ಟೂ ಹೊತ್ತು ಗಿಡದ ಎಲೆ ಬಿಸಿ ಒಣಗಾಳಿಗೆ ಒಡ್ಡಿರುತ್ತದೆ.

ಇಲ್ಲಿ ಏಳನೆಯ ಕ್ಲಾಸಿನ ವಿಜ್ಞಾನ ಸಾಕು. ಎಲೆಯಿಂದ ನೀರು ಆರುತ್ತಾ ಇರುತ್ತದೆ, ಬೇರು ಅದನ್ನು ತುಂಬಿಸುತ್ತಾ ಇರಬೇಕು. ಜೂನಿನಲ್ಲಿ ನೆಟ್ಟ ಕಸಿಗಿಡದ ಬೇರು ನವೆಂಬರಿನಲ್ಲಿ ಇನ್ನೂ ತೊಟ್ಟೆಯ ಮಣ್ಣಿನ ಆಸುಪಾಸಿನಲ್ಲೇ ಇರುತ್ತದೆ. ಮುರಕಲ್ಲಿನ ಮೇಲುಮಣ್ಣು ಮಳೆ ನಿಂತ ಮೂರು ವಾರಕ್ಕೆ ಒಣಗಿ ಗಟ್ಟಿಯಾಗುತ್ತದೆ. ಮೇಲೆ ಖರ್ಚು ಹೆಚ್ಚು, ಕೆಳಗೆ ಆದಾಯ ಇಲ್ಲ. ಸಾಲ ಮಾಡಿ ಸಂಸಾರ ನಡೆಸಿದ ಹಾಗೆ ಗಿಡ ಎರಡು ತಿಂಗಳು ತಳ್ಳುತ್ತದೆ, ಆಮೇಲೆ ಮಲಗುತ್ತದೆ.

‘ಇಬ್ಬನಿ ಬೀಳುತ್ತದಲ್ಲ, ಅದೇ ನೀರಾಯಿತು’ ಎನ್ನುವವರಿದ್ದಾರೆ. ಒಂದು ಮುಂಜಾನೆ ಗಿಡದ ಬುಡವನ್ನು ಬೆರಳಲ್ಲಿ ಕೆದಕಿ ನೋಡಿ. ಎಲೆ ಒದ್ದೆ, ಹುಲ್ಲು ಒದ್ದೆ, ಮಣ್ಣು ಅರ್ಧ ಇಂಚಿನ ಕೆಳಗೆ ಒಣ ಹುಡಿ. ಇಬ್ಬನಿ ಬೇರಿಗೆ ಮುಟ್ಟುವುದಿಲ್ಲ. ಎಲೆ ಮೇಲೆ ಹೊತ್ತೇರುವ ತನಕ ನಿಂತು ಬೂಷ್ಟು ರೋಗಕ್ಕೆ ದಾರಿ ಮಾಡುತ್ತದೆ. ಮಾವಿನ ಹೂವಿಗೆ ಬೂದಿ ರೋಗ ಬರುವುದೂ ಇಂಥ ತಂಪು ರಾತ್ರಿಗಳಲ್ಲೇ.

ಮೂರು ಊರು, ಮೂರು ಚಳಿ

ಒಂದೇ ಜಿಲ್ಲೆಯಾದರೂ ಎಲ್ಲ ಕಡೆಗೂ ಒಂದೇ ಉಪಾಯ ನಡೆಯುವುದಿಲ್ಲ.

ಕಾಪು ಕಡೆ ಕಡಲು ಹತ್ತಿರ. ನೀರು ಹಗಲು ಕುಡಿದ ಶಾಖವನ್ನು ಬೇಗ ಬಿಟ್ಟುಕೊಡುವುದಿಲ್ಲ. ಹಾಗಾಗಿ ದೀಪಸ್ತಂಭದ ಆಸುಪಾಸಿನಲ್ಲಿ ರಾತ್ರಿ ಅಷ್ಟು ತಂಪಾಗದು. ಅಲ್ಲಿನ ಕಷ್ಟ ಎರಡು: ಹೊಯಿಗೆ ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ, ಮಧ್ಯಾಹ್ನದ ಮೇಲೆ ಪಡುಗಾಳಿ ಉಪ್ಪಿನಂಶ ಹೊತ್ತು ತರುತ್ತದೆ. ಅಲ್ಲಿ ತಡೆ ಬೇಕಾದ್ದು ಪಡು ಬದಿಗೆ. ಸ್ವಲ್ಪ ಒಳಗೆ ಶಂಕರಪುರದ ಮಲ್ಲಿಗೆ ಬೆಳೆಯುವವರನ್ನು ಕೇಳಿ. ಚಳಿ ಬಿತ್ತೆಂದರೆ ಮೊಗ್ಗು ಕಡಿಮೆ, ಅಟ್ಟೆಗೆ ರೇಟು ಜಾಸ್ತಿ. ನಾವು ಚಳಿಯೇ ಅಲ್ಲ ಎನ್ನುವ ಚಳಿಯನ್ನು ಗಿಡ ಗುರುತಿಸುತ್ತದೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಡ.

ಮಣಿಪಾಲ ಮುರಕಲ್ಲಿನ ಬಯಲು ಗುಡ್ಡೆ. ಎಂಡ್ ಪಾಯಿಂಟಿನಲ್ಲಿ ನಿಂತು ಜನವರಿಯ ಬೆಳಗ್ಗೆ ಕೆಳಗೆ ನೋಡಿ. ಸ್ವರ್ಣಾ ನದಿಯ ಕಣಿವೆಯಲ್ಲಿ ಮಂಜು ಹಾಲಿನ ಹಾಗೆ ತುಂಬಿರುತ್ತದೆ, ಗುಡ್ಡೆಯ ತಲೆಯಲ್ಲಿ ಇರುವುದಿಲ್ಲ. ತಂಪು ಗಾಳಿ ಭಾರ, ಅದು ನೀರಿನ ಹಾಗೆ ತಗ್ಗಿಗೆ ಇಳಿಯುತ್ತದೆ. ಅಂದರೆ ಗುಡ್ಡೆ ತಲೆಯ ಗಿಡಕ್ಕೆ ಚಳಿ ಕಡಿಮೆ. ಆದರೆ ಮೂಡುಗಾಳಿ ನೇರ ಬಡಿಯುವುದು ಅದಕ್ಕೇ, ಕಾದ ಕಲ್ಲಿನ ಶಾಖವೂ ಅದಕ್ಕೇ.

ಕಾರ್ಕಳ ಕಡಲಿನಿಂದ 30 ಕಿಲೋಮೀಟರಿನೊಳಗೇ ಇದ್ದರೂ ಘಟ್ಟಕ್ಕೆ ಹತ್ತಿರ. ರಾತ್ರಿ ತಂಪು ಹೆಚ್ಚು, ಹಗಲು ಸೆಕೆಯೂ ಹೆಚ್ಚು. ಬೈಲಿನ ಅಂಚಿನ ತಗ್ಗಿನಲ್ಲಿ ನೆಟ್ಟ ಬಾಳೆಯ ಹೊಸ ಎಲೆ ಚಳಿಗಾಲದಲ್ಲಿ ನಿಧಾನವಾಗಿ ಬಿಚ್ಚುತ್ತದೆ. ಪಪ್ಪಾಯಿ ನಿಂತಲ್ಲೇ ನಿಲ್ಲುತ್ತದೆ. ಅದು ರೋಗ ಅಲ್ಲ. ಗೊಬ್ಬರ ಸುರಿದು ಓಡಿಸಲು ಹೋಗಬೇಡಿ, ಬಿಸಿ ಬಂದ ಮೇಲೆ ತಾನೇ ಏಳುತ್ತದೆ.

ಈಗ ಎಲ್ಲರೂ ರಂಬುಟಾನ್, ಮ್ಯಾಂಗೋಸ್ಟೀನ್ ಎನ್ನುತ್ತಾರೆ. ಒಳ್ಳೆಯದೇ. ಆದರೆ ಅವು ವರ್ಷವಿಡೀ ಪಸೆ ಇರುವ ನಾಡಿನ ಮರಗಳು. ಮೂಡುಗಾಳಿಗೆ ಅವುಗಳ ಎಲೆಯ ಅಂಚು ಕರಟುತ್ತದೆ. ಮ್ಯಾಂಗೋಸ್ಟೀನಿಗೆ ಮೊದಲ ವರ್ಷಗಳಲ್ಲಿ ನೆರಳು ಬೇಕೇ ಬೇಕು. ನೀರು ಮತ್ತು ನೆರಳು ಎರಡೂ ಇದ್ದರೆ ಅಡಿಕೆ ತೋಟದ ಮಧ್ಯೆ ನೆಡಿ. ನೀರಿಲ್ಲದ ಗುಡ್ಡೆಗೆ ಗೇರು, ಮಾವು, ಹಲಸು ಸಾಕು.

ಮೊದಲು ನೆಲ ಮುಚ್ಚಿ

ಎಲ್ಲಕ್ಕಿಂತ ಮೊದಲ ಕೆಲಸ ಇದು. ಇದಕ್ಕೆ ಹೊತ್ತು ಮುಖ್ಯ. ಕೊನೆಯ ಮಳೆ ಬಿದ್ದು ನೆಲ ಇನ್ನೂ ಹಸಿ ಇರುವಾಗಲೇ ಮುಚ್ಚಬೇಕು. ನಮ್ಮಲ್ಲಿ ದೀಪಾವಳಿ ಕಳೆದ ಮೇಲೆ, ಷಷ್ಠಿಯ ಒಳಗೆ. ಒಣಗಿದ ಮೇಲೆ ಮುಚ್ಚಿದರೆ ಒಣ ನೆಲವನ್ನೇ ಜೋಪಾನ ಮಾಡಿದ ಹಾಗಾಯಿತು.

ನಾನು ಮಾಡುವುದು ಹೀಗೆ. ಗಿಡದ ಸುತ್ತ ಎರಡೂವರೆ ಅಡಿ ದೂರದ ತನಕ ಹುಲ್ಲು ಕೆರೆದು, ಹಾರೆಯ ತುದಿಯಲ್ಲಿ ಎರಡು ಇಂಚು ಮಾತ್ರ ಮಣ್ಣು ಸಡಿಲಿಸುತ್ತೇನೆ. ಬೇರಿಗೆ ತಾಗಬಾರದು. ಕೆರೆದ ಹಸಿ ಹುಲ್ಲನ್ನು ಅಡಿಗೆ ಹಾಕಿ ಅದರ ಮೇಲೆ ತರಗೆಲೆ ಒಂದು ಗೇಣು ದಪ್ಪ. ತಿಂಗಳಲ್ಲಿ ಅದು ಕುಸಿದು ನಾಲ್ಕು ಬೆರಳಾಗುತ್ತದೆ, ಆಗ ಇನ್ನೊಂದು ಬುಟ್ಟಿ. ತರಗೆಲೆ ಗಾಳಿಗೆ ಹಾರದ ಹಾಗೆ ಮೇಲೆ ತೆಂಗಿನ ಮಡಲು ಅಥವಾ ಮುರಕಲ್ಲಿನ ತುಂಡು ಇಡುತ್ತೇನೆ.

ತರಗೆಲೆ ಸಾಲದಿದ್ದವರು ರಸ್ತೆ ಬದಿಯ ಅಕೇಶಿಯಾ ಎಲೆ ಗುಡಿಸಿ ತರಬಹುದು. ಅದು ಬೇಗ ಕರಗುವುದಿಲ್ಲ ಎಂದು ಬೈಯುತ್ತೇವೆ. ಮುಚ್ಚಿಗೆಗೆ ಅದೇ ಅನುಕೂಲ. ಅಡಿಕೆ ಸಿಪ್ಪೆ, ತೆಂಗಿನ ಸಿಪ್ಪೆ ಇದ್ದರೆ ಇನ್ನೂ ಒಳ್ಳೆಯದು. ತೆಂಗಿನ ಸಿಪ್ಪೆಯನ್ನು ಒಳಮೈ ಕೆಳಗೆ ಮಾಡಿ ಒತ್ತೊತ್ತಾಗಿ ಜೋಡಿಸಿ.

ಮರೆಯಬಾರದ್ದು ಎರಡು. ಒಂದು, ಕಾಂಡದ ಸುತ್ತ ಅಂಗೈ ಅಗಲ ಜಾಗ ಖಾಲಿ ಬಿಡಿ. ಕಾಂಡಕ್ಕೆ ತಾಗಿಸಿ ತುಂಬಿದರೆ ಒರಲೆ ಎಲೆ ತಿನ್ನುತ್ತಾ ಗಿಡದ ಸಿಪ್ಪೆಗೇ ಬಾಯಿ ಹಾಕುತ್ತದೆ. 15 ದಿನಕ್ಕೊಮ್ಮೆ ಮಣ್ಣಿನ ಗೂಡು ಕಂಡರೆ ಒಡೆದು ಹಾಕಿ. ಒರಲೆ ವಿಪರೀತ ಇರುವಲ್ಲಿ ಎಲೆ ಬಿಟ್ಟು ಬರೀ ಕಲ್ಲು ಹಾಸಿ, ಅದೂ ಪಸೆ ಹಿಡಿಯುತ್ತದೆ.

ಎರಡು, ಬೆಂಕಿ. ಮುಳಿಹುಲ್ಲಿನ ಗುಡ್ಡೆಗೆ ಜನವರಿಯ ನಂತರ ಒಂದು ಬೀಡಿ ತುಂಡು ಸಾಕು. ತರಗೆಲೆ ಹಾಕಿದ ಗಿಡ ಮೊದಲು ಸುಡುತ್ತದೆ. ಜಾಗದ ಸುತ್ತ ಹತ್ತಡಿ ಅಗಲಕ್ಕೆ ಹುಲ್ಲು ಕೆರೆದು ಬೋಳು ಮಾಡಿ, ಕೆರೆದ ಹುಲ್ಲನ್ನು ಗಿಡದ ಬುಡಕ್ಕೇ ತನ್ನಿ. ಉತ್ತರದವರ ಹಾಗೆ ಹೊಗೆ ಹಾಕುವ ಕೆಲಸ ನಮಗೆ ಬೇಡ. ಹೆಪ್ಪುಗಟ್ಟುವ ಚಳಿಯೇ ಇಲ್ಲದಲ್ಲಿ ಅದರಿಂದ ಲಾಭವಿಲ್ಲ. ಮುಚ್ಚಿಗೆಗೆ ಬೇಕಾದ ಎಲೆಯೂ ಹೋಯಿತು, ಗುಡ್ಡೆಯೂ ಹೋದೀತು.

ತೆಂಕು-ಪಡುವಿಗೆ ನೆರಳು, ಮೂಡಿಗೆ ತಡೆ

ಚಳಿಗಾಲದಲ್ಲಿ ಸೂರ್ಯ ನೆತ್ತಿಯ ಮೇಲೆ ಇರುವುದಿಲ್ಲ. ಡಿಸೆಂಬರ್ 21-22ರ ಹೊತ್ತಿಗೆ ನಮ್ಮೂರಲ್ಲಿ ನಡುಹಗಲಿನ ಸೂರ್ಯ ನೆತ್ತಿಯಿಂದ ಸುಮಾರು 36 ಡಿಗ್ರಿ ತೆಂಕಕ್ಕೆ ವಾಲಿರುತ್ತಾನೆ. ಹಾಗಾಗಿ ಬಿಸಿಲು ಗಿಡದ ತಲೆಗಿಂತ ಕಾಂಡದ ತೆಂಕು ಮತ್ತು ಪಡು ಮೈಗೆ ಓರೆಯಾಗಿ ಹೊಡೆಯುತ್ತದೆ. ಅಡಿಕೆಯವರಿಗೆ ಇದು ಗೊತ್ತು. ಎಳೆ ಅಡಿಕೆಯ ತೆಂಕು-ಪಡು ಮೈಗೆ ಸೋಗೆ ಕಟ್ಟುವುದು, ಸುಣ್ಣ ಬಳಿಯುವುದು ಇದಕ್ಕೇ. ಹಣ್ಣಿನ ಗಿಡಕ್ಕೂ ಅದೇ ನ್ಯಾಯ.

ಉತ್ತರದವರು ತೆಂಕು-ಮೂಡು ತೆರೆದಿಟ್ಟು ಬಿಸಿಲನ್ನು ಒಳಗೆ ಕರೆಯುತ್ತಾರೆ. ನಾವು ಮಧ್ಯಾಹ್ನದ ಬಿಸಿಲನ್ನು ಹೊರಗೆ ನಿಲ್ಲಿಸಬೇಕು. ಎರಡು ತೆಂಗಿನ ಮಡಲು ತನ್ನಿ. ಒಂದನ್ನು ತೆಂಕು ಬದಿಗೆ, ಒಂದನ್ನು ಪಡು ಬದಿಗೆ, ಗಿಡದಿಂದ ಒಂದೂವರೆ ಅಡಿ ದೂರ ಊರಿ, ತಲೆ ಸ್ವಲ್ಪ ಒಳಗೆ ಬಾಗಲಿ. ಬಡಗು ಬದಿ ಪೂರ್ತಿ ತೆರೆದಿರಲಿ. ಪ್ಲಾಸ್ಟಿಕ್ ಹೊದೆಸಬೇಡಿ. ಅದರೊಳಗೆ ಮಧ್ಯಾಹ್ನ ಗಿಡ ಬೇಯುತ್ತದೆ. ಗೋಣಿಯಲ್ಲಿ ಪೂರ್ತಿ ಸುತ್ತುವುದೂ ಬೇಡ, ಗಾಳಿ ಆಡದೆ ಇಬ್ಬನಿಯ ಪಸೆ ಒಳಗೇ ಉಳಿಯುತ್ತದೆ.

ಗೇರಿಗೆ ಬಿಸಿಲು ಇಷ್ಟ. ಅದಕ್ಕೆ ಮೊದಲ ಚಳಿಗಾಲ ಮಾತ್ರ ಇಷ್ಟು ನೆರಳು ಸಾಕು, ಮಡಲು ತಾನೇ ಒಣಗಿ ಉದುರಲಿ. ಮಾವು, ಹಲಸಿಗೆ ಎರಡು ವರ್ಷ ಕೊಡಿ. ಮಡಲು ಉಳಿಯದ ಎತ್ತರಕ್ಕೆ ಗಿಡ ಬಂದರೆ ಕಾಂಡಕ್ಕೆ ಅಡಿಕೆ ಹಾಳೆಯನ್ನು ಸಡಿಲವಾಗಿ ಕಟ್ಟಿ, ಇಲ್ಲವೇ ನೀರು ಸುಣ್ಣ ಬಳಿಯಿರಿ.

ಮೂಡುಗಾಳಿಗೆ ಗೋಡೆ ಬೇಡ, ಜರಡಿ ಬೇಕು. ಗೋಡೆಗೆ ಬಡಿದ ಗಾಳಿ ಮೇಲೆ ಹಾರಿ ಆಚೆ ಬದಿಗೆ ಸುಳಿಯಾಗಿ ಬೀಳುತ್ತದೆ. ಸಂದು ಇರುವ ಬೇಲಿ ಗಾಳಿಯ ಸೊಕ್ಕು ಮುರಿಯುತ್ತದೆ. ಜಾಗದ ಮೂಡು ಅಂಚಿನಲ್ಲಿ ಕುಂಟಾಲ, ಕೇಪುಳದಂಥ ನಿತ್ಯ ಹಸಿರಿನ ಕುರುಚಲನ್ನು ಕಡಿಯದೆ ಬಿಡಿ. ಗ್ಲಿರಿಸಿಡಿಯ ಸೊಪ್ಪಿಗೆ ಒಳ್ಳೆಯದು, ಆದರೆ ಗಾಳಿ ತಡೆಗೆ ಅದನ್ನೇ ನಂಬಬೇಡಿ. ನಮಗೆ ತಡೆ ಬೇಕಾದ ಜನವರಿ, ಫೆಬ್ರವರಿಯಲ್ಲಿ ಅದು ಎಲೆ ಉದುರಿಸಿ ಹೂ ಬಿಟ್ಟು ನಿಂತಿರುತ್ತದೆ.

ಕಸಿಗಿಡಕ್ಕೆ ಊರುಗೋಲು ಕೊಟ್ಟು ಬಾಳೆನಾರಿನಲ್ಲಿ ಎಂಟರ ಆಕಾರಕ್ಕೆ ಕಟ್ಟಿ. ಕಸಿ ಕಟ್ಟಿದ ಪ್ಲಾಸ್ಟಿಕ್ ಪಟ್ಟಿ ಇನ್ನೂ ಉಳಿದಿದ್ದರೆ ಬ್ಲೇಡಿನಲ್ಲಿ ಸೀಳಿ ತೆಗೆಯಿರಿ. ಅದು ಕಾಂಡವನ್ನು ಬಿಗಿದು, ಗಾಳಿಗೆ ಅಲ್ಲೇ ಮುರಿಯುತ್ತದೆ.

ನೀರಿನ ಲೆಕ್ಕ

ನಮ್ಮಲ್ಲಿ 40 ಗೇರು, 12 ಮಾವು, ಒಟ್ಟು 52 ಕಸಿಗಿಡ. ಗಿಡಕ್ಕೆ ಒಂದು ಕೊಡಪಾನ, ಅಂದರೆ ಸುಮಾರು 10 ಲೀಟರ್. ಡಿಸೆಂಬರ್ ನಡುವಿನಿಂದ ಮಾರ್ಚ್ ಕೊನೆಯ ತನಕ ಸುಮಾರು 100 ದಿನ. ಬೋಳು ಬುಡದ ಗಿಡಕ್ಕೆ ನಾಲ್ಕು ದಿನಕ್ಕೊಮ್ಮೆ ನೀರು ಕೊಡದಿದ್ದರೆ ಎಲೆ ಬಾಡುತ್ತದೆ. 25 ಸಲ, 52 ಗಿಡ, ಒಟ್ಟು 1300 ಕೊಡ. ಮುಚ್ಚಿಗೆ ಹಾಕಿ ನೆರಳು ಕೊಟ್ಟ ಗಿಡಕ್ಕೆ 10 ದಿನಕ್ಕೊಮ್ಮೆ ಸಾಕು. 10 ಸಲ, 520 ಕೊಡ. ಉಳಿದದ್ದು 780 ಕೊಡ. ನಮ್ಮ ಕಡೆ ಗುಡ್ಡೆಗೆ ನೀರು ಹೊರುವವರು ಹೆಚ್ಚಾಗಿ ಮನೆಯ ಹೆಂಗಸರು. ಮುಚ್ಚಿಗೆಯ ಲಾಭವನ್ನು ರೂಪಾಯಿಯಲ್ಲಿ ಕೇಳುವವರು ಈ 780 ಕೊಡವನ್ನು ಒಮ್ಮೆ ಹೊತ್ತು ನೋಡಲಿ.

ನೀರನ್ನು ಬೆಳಗ್ಗೆ ಹೊತ್ತೇರುವ ಮೊದಲು ಕೊಡಿ, ಗಿಡಕ್ಕೆ ಹಗಲಿನ ಖರ್ಚಿಗೆ ಸಿಗುತ್ತದೆ. ಮುಚ್ಚಿಗೆಯ ಮೇಲೆ ಸುರಿಯಬೇಡಿ, ಎಲೆ ಕುಡಿದು ಬಿಡುತ್ತದೆ. ಸರಿಸಿ ಮಣ್ಣಿಗೆ ಕೊಟ್ಟು ಪುನಃ ಮುಚ್ಚಿ. ಹಳೆಯ ಮಣ್ಣಿನ ಮಡಕೆ ಇದ್ದರೆ ಬುಡದಿಂದ ಒಂದೂವರೆ ಅಡಿ ದೂರ ಕುತ್ತಿಗೆ ತನಕ ಹೂತು, ನೀರು ತುಂಬಿ ಬಾಯಿಗೆ ಚಿಪ್ಪು ಮುಚ್ಚಿ. ಮೈಯಲ್ಲಿ ಒಸರಿದ ನೀರು ನೇರ ಬೇರಿಗೆ ಹೋಗುತ್ತದೆ. ಬಣ್ಣ ಬಳಿದ ಮಡಕೆ ಒಸರುವುದಿಲ್ಲ.

ಕೆಡ್ಡಸದ ಮೂರು ದಿನ ತುಳುನಾಡಿನಲ್ಲಿ ನೆಲ ಅಗೆಯುವ ಕ್ರಮ ಇಲ್ಲ. ಫೆಬ್ರವರಿ ನಡುವೆ ಬರುವ ಈ ಹಬ್ಬವನ್ನು ನಾನು ಗಡುವು ಮಾಡಿಕೊಂಡಿದ್ದೇನೆ. ಅದರೊಳಗೆ ಬುಡದ ಕೆಲಸ ಎಲ್ಲ ಮುಗಿದಿರಬೇಕು. ಆಮೇಲೆ ಹಾರೆ ತಾಗಿಸಿದರೆ ಇದ್ದ ಪಸೆಯೂ ಹಾರುತ್ತದೆ.

ಚಳಿಗೆ ಕರಟಿದ್ದೋ, ಸೊಳ್ಳೆ ಕಚ್ಚಿದ್ದೋ?

ಮಳೆ ನಿಂತ ಮೇಲೆ ಗೇರು ಚಿಗುರುತ್ತದೆ. ಅದೇ ಹೊತ್ತಿಗೆ ಟೀ ಸೊಳ್ಳೆಯೂ ಬರುತ್ತದೆ. ಚಿಗುರು ಕಪ್ಪಾಗಿ ಒಣಗಿದರೆ ‘ಮಂಜಿಗೆ ಕರಟಿತು’ ಎನ್ನುತ್ತಾರೆ. ಗುರುತು ಹಿಡಿಯುವುದು ಸುಲಭ. ಒಣಗಾಳಿಯ ಪೆಟ್ಟಾದರೆ ಬಲಿತ ಎಲೆಯ ಅಂಚಿನಿಂದ ಕಂದು ಬಣ್ಣ ಒಳಗೆ ಬರುತ್ತದೆ, ಎಳೆ ದಂಟು ಹಸಿರೇ ಇರುತ್ತದೆ. ಸೊಳ್ಳೆಯಾದರೆ ಎಳೆ ದಂಟಿನ ಮೇಲೆ ಉದ್ದುದ್ದ ಕಪ್ಪು ಕಲೆ, ಕಲೆಯಲ್ಲಿ ಅಂಟಿನ ಹನಿ, ಆಮೇಲೆ ತುದಿ ಜೋತು ಒಣಗುತ್ತದೆ. ಬೆಳಗಿನ ತಂಪಿನಲ್ಲಿ ನೋಡಿದರೆ ಕೆಂಪು-ಕಪ್ಪು ಬಣ್ಣದ ಸಣಕಲು ಹುಳ ಚಿಗುರಿನಲ್ಲಿ ಸಿಗುತ್ತದೆ. ಹೆಸರು ಸೊಳ್ಳೆ, ಜಾತಿಯಲ್ಲಿ ಅದು ರಸ ಹೀರುವ ತಿಗಣೆ.

ನಾಲ್ಕಾರು ಡಜನ್ ಎಳೆಗಿಡ ಇರುವವರು ಕೈಯಲ್ಲೇ ಹಿಡಿದು ಮುಗಿಸಬಹುದು. ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆ ಗಿಡದಲ್ಲಿದ್ದರೆ ಓಡಿಸಬೇಡಿ, ಅದು ಈ ಸೊಳ್ಳೆಗೆ ಶತ್ರು. ನಮಗೆ ಕಚ್ಚುತ್ತದೆ, ಸಹಿಸಬೇಕು. ಇದೇ ಸೊಳ್ಳೆಯ ಹೆಸರಿನಲ್ಲಿ ಕಾಸರಗೋಡಿನ ಗೇರು ತೋಟಗಳ ಮೇಲೆ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಅಲ್ಲಿಯ ಮಕ್ಕಳ ಅವಸ್ಥೆ ನೋಡಿದವರಿಗೆ ಮರೆಯಲಿಕ್ಕಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೇ ನಿಲ್ಲಿಸಿತು. ಮದ್ದು ಬೇಕೇ ಬೇಕಾದರೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರವೋ ಪುತ್ತೂರಿನ ಗೇರು ಸಂಶೋಧನಾ ಕೇಂದ್ರವೋ ಏನು ಹೇಳುತ್ತದೆ ಕೇಳಿ, ಅಂಗಡಿಯವರ ಮಾತಿಗೆ ಸಿಂಪಡಿಸಬೇಡಿ.

ಮೊದಲ ಎರಡು ವರ್ಷ ಕಸಿಗೇರಿನಲ್ಲಿ ಹೂ ಬಂದರೆ ಚಿವುಟಿ ಹಾಕಿ. ಚಳಿಗಾಲದಲ್ಲಿ ಇದ್ದ ಅಲ್ಪ ಶಕ್ತಿ ಹೂವಿಗೆ ಹೋದರೆ ಬೇರಿಗೆ ಉಳಿಯುವುದಿಲ್ಲ.

ಸತ್ತಿತೆಂದು ಕೀಳಬೇಡಿ

ಎಲೆ ಪೂರ್ತಿ ಉದುರಿದ ಗಿಡವನ್ನು ಫೆಬ್ರವರಿಯಲ್ಲೇ ಕಿತ್ತು ಬಿಸಾಡುವವರಿದ್ದಾರೆ. ಉಗುರಿನಲ್ಲಿ ಸಿಪ್ಪೆ ಸ್ವಲ್ಪ ಕೆರೆದು ನೋಡಿ. ಹಸಿರು ಕಂಡರೆ ಜೀವ ಉಂಟು. ಕಸಿ ಗಂಟಿನ ಮೇಲೆ ಹಸಿರಿದ್ದರೆ ಒಣ ತುದಿ ಕತ್ತರಿಸಿ, ನೀರು, ನೆರಳು ಮುಂದುವರಿಸಿ. ಗಂಟಿನ ಮೇಲೆ ಒಣಗಿ ಕೆಳಗಿನಿಂದ ಮಾತ್ರ ಚಿಗುರು ಬಂದರೆ ಅದು ಕಾಟು ಗಿಡ. ಅದನ್ನೂ ಕೀಳಬೇಡಿ. ಬೇರು ಊರಿದ ಗಿಡ ಅದು, ಮಳೆಗಾಲದಲ್ಲಿ ಅದರ ಎಳೆ ಚಿಗುರಿಗೇ ಕಸಿ ಕಟ್ಟಿಸಬಹುದು. ಮೇಲುಗಿಡ ಚೆನ್ನಾಗಿರುವಾಗ ಮಾತ್ರ ಗಂಟಿನ ಕೆಳಗಿನ ಚಿಗುರನ್ನು ಆಗಾಗ ಚಿವುಟುತ್ತಿರಿ.

ನಮ್ಮ 52 ಗಿಡದಲ್ಲಿ ಎರಡು ಚಳಿಗಾಲ ದಾಟಿ ಉಳಿದದ್ದು 47. ನೆರೆಯವರೊಬ್ಬರು ಮುಂಬೈ ಹೋಟೆಲಿನಲ್ಲಿ ದುಡಿದ ಹಣದಲ್ಲಿ ಅದೇ ಜೂನಿನಲ್ಲಿ 30 ಗೇರು ಕಸಿ ಹಾಕಿಸಿದ್ದರು. ಯಂತ್ರ ತರಿಸಿ ಕುರುಚಲು, ಮುಳಿಹುಲ್ಲು ಎಲ್ಲ ಕೆರೆದು ಸುಟ್ಟು ಜಾಗ ಅಂಗಳದ ಹಾಗೆ ಮಾಡಿದ್ದರು. ನೋಡಲು ಚೆಂದ ಇತ್ತು. ಮೊದಲ ಬಿಸುವಿಗೆ ಉಳಿದದ್ದು 11. ‘ಅಣ್ಣಾ, ಗುಡ್ಡೆಗೆ ನನ್ನ ಹಣ ಸಾಕಾಗಲಿಲ್ಲ’ ಎಂದರು. ಗುಡ್ಡೆಗೆ ಬೇಕಿದ್ದದ್ದು ಹಣ ಅಲ್ಲ, ಅವರು ಸುಟ್ಟ ಆ ಎಲೆ, ಹುಲ್ಲು. ಮರುವರ್ಷ ಅವರು ಪುನಃ ನೆಟ್ಟರು, ಮೂಡು ಬದಿಯಲ್ಲಿ ಕುರುಚಲು ಬರಲು ಬಿಟ್ಟರು, ದೀಪಾವಳಿ ಕಳೆದ ವಾರ ಮನೆಯವರೆಲ್ಲ ಸೇರಿ ಬುಡ ಮುಚ್ಚಿದರು. ಈ ಸಲದ ಗಿಡಗಳು ನಿಂತಿವೆ.

ಸಂಕ್ಷೇಪವಾಗಿ ಹೇಳುವುದಾದರೆ: ನೆಲ ಹಸಿ ಇರುವಾಗ ಬುಡ ಮುಚ್ಚಿ. ಡಿಸೆಂಬರ್ ಮೊದಲ ವಾರ ತೆಂಕು, ಪಡುವಿಗೆ ಮಡಲು ಊರಿ. ಜನವರಿಯೊಳಗೆ ಬೆಂಕಿಗೆ ಅಡ್ಡ ಕೆರೆಯಿರಿ. ವಾರಕ್ಕೊಮ್ಮೆ ಚಿಗುರು, 15 ದಿನಕ್ಕೊಮ್ಮೆ ಒರಲೆ ನೋಡಿ. ಕೆಡ್ಡಸದ ನಂತರ ನೆಲ ಕೆದಕಬೇಡಿ. ಇದರಲ್ಲಿ ಅಂಗಡಿಯಿಂದ ತರುವ ವಸ್ತು ಸುಣ್ಣ ಒಂದೇ. ಕಡಲ ಬದಿಯ ಹೊಯಿಗೆಯಲ್ಲಿ ಎಳೆ ಮಾವು ಉಳಿಸಿದವರಿದ್ದರೆ ಪತ್ರಿಕೆಗೆ ಬರೆಯಿರಿ. ನಮ್ಮ ಮುರಕಲ್ಲಿನವರಿಗೂ ಅದರಿಂದ ಕಲಿಯುವುದು ಇದ್ದೀತು.